ಅರ್ಧಕ್ಕೆ ನಿಂತ ರೈತಪುರಾಣ

ದೊಡ್ಡವ್ವನ ಎಡಭುಜ ಬಲಭುಜಕ್ಕಿಂತ ನಾಲ್ಕು ಬೆರಳು ತಗ್ಗಿತ್ತು. ಹೊಲದ ಕಲ್ಲು ಆರಿಸಿ ತುಂಬಿದ ಬುಟ್ಟಿಯನ್ನು ಅವಳು ತಲೆಯ ಮೇಲೆ ಹೊರದೆ ಎಡಸೊಂಟಕ್ಕೆ ಆನಿಸಿ ಒಯ್ಯುತ್ತಿದ್ದಳು. ವರ್ಷಗಟ್ಟಲೆ ಹಾಗೆ ಒಯ್ದು ಮೈ ಆ ಕಡೆಗೇ ಇಳಿದುಬಿಟ್ಟಿತ್ತು. ಸೆರಗು ಆ ಭುಜದ ಮೇಲೆ ನಿಲ್ಲುತ್ತಿರಲಿಲ್ಲ. ಅದರ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಕೆಲಸ, ಕಚ್ಚಿಕೊಂಡೇ ಮಾತು. ಹೊಸಬರಿಗೆ ಅವಳು ಹೇಳಿದ್ದರಲ್ಲಿ ಅರ್ಧ ತಿಳಿಯುತ್ತಿರಲಿಲ್ಲ, ನಮಗೆ ರೂಢಿಯಾಗಿತ್ತು. ಸೆರಗು ಬಿಟ್ಟು ಬಾಯಿ ತುಂಬ ಮಾತಾಡಿದಳೆಂದರೆ ಸಿಟ್ಟು ಬಂದಿದೆ ಎಂದು ಅರ್ಥ.

ನಾನು ಅವಳ ಮೈದುನನ ಮಗಳು. ನಮ್ಮದು ಕಕ್ಕೇರಾ ಕಡೆಯ ಊರು. ಸುರಪುರದ ಸಂತೆಗೆ ಹೋಗುವವರು ನಸುಕಿನಲ್ಲೇ ಬಂಡಿ ಕಟ್ಟಬೇಕಾಗಿದ್ದ ಕಾಲ ಅದು. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಅವಳಿಗೆ ಮಕ್ಕಳಾಗಿದ್ದವು, ಉಳಿದಿರಲಿಲ್ಲ. ಆ ವಿಷಯವನ್ನು ಅವಳ ಮುಂದೆ ಯಾರೂ ಎತ್ತುತ್ತಿರಲಿಲ್ಲ, ಅವಳೂ ಎತ್ತಲಿಲ್ಲ.

ನಮ್ಮ ಓಣಿಯಲ್ಲಿ ಒಲೆಯ ಕೆಂಡ, ಮೊಸರಿನ ಹೆಪ್ಪು, ಒಂದು ಹಿಡಿ ಉಪ್ಪು ಇವು ಇಂಥದೇ ಮನೆಯವು ಎಂದು ಇರಲಿಲ್ಲ. ಯಾರಿಗೆ ಬೇಕೋ ಅವರು ಒಳಗೆ ಹೋಗಿ ತರುತ್ತಿದ್ದರು. ದೊಡ್ಡವ್ವ ಮಾತ್ರ ತರುತ್ತಿರಲಿಲ್ಲ. ಹೆಪ್ಪು ಕೆಟ್ಟರೆ ಮೆಣಸಿನಕಾಯಿಯ ತೊಟ್ಟು ಹಾಕಿ ಹಾಲು ಹೆಪ್ಪುಗಟ್ಟಿಸುತ್ತಿದ್ದಳು. ಉಪ್ಪು ತೀರಿದರೆ ಮುಂದಿನ ಸಂತೆಯವರೆಗೆ ಸಪ್ಪಗೆ ಉಣ್ಣುತ್ತಿದ್ದಳು. ನಮ್ಮವ್ವ ಗೋಡೆಯ ಮೇಲಿಂದ ಉಪ್ಪಿನ ಬಟ್ಟಲು ಚಾಚಿದರೆ, ಇರಲಿ, ನಮ್ಮದು ನಮಗಿರಲಿ ಎಂದು ಹೇಳಿ ಒಳಗೆ ಹೋಗುತ್ತಿದ್ದಳು. ಕೊಡುವುದಕ್ಕೆ ಮಾತ್ರ ಅವಳ ಕೈ ಹಿಂದೆ ಬಿದ್ದದ್ದಿಲ್ಲ. ಊರವರು ಈ ಗುಣವನ್ನು ಹೊಗಳುತ್ತಿದ್ದರು. ನನಗೆ ಇವತ್ತಿಗೂ ಹೊಗಳಲು ಬಾಯಿ ಬರುವುದಿಲ್ಲ. ಯಾರ ಹತ್ತಿರವೂ ಬೇಡದವಳಿಗೆ ಏನು ಬೇಕೆಂದು ಕೇಳುವುದನ್ನೇ ಜನ ಬಿಟ್ಟುಬಿಟ್ಟಿದ್ದರು.

ಅಜ್ಜ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಬೇರೆಯಾದರು. ಹಳ್ಳದ ದಂಡೆಯ ಕಪ್ಪುಮಣ್ಣಿನ ಎರೆಹೊಲ ನಮ್ಮಪ್ಪನಿಗೆ ಬಂತು, ಮೇಲಿನ ಮಡ್ಡಿ ದೊಡ್ಡಪ್ಪನಿಗೆ. ದೊಡ್ಡಪ್ಪ ತಾನೇ ಅದನ್ನು ಆರಿಸಿಕೊಂಡ ಎಂದು ಅಪ್ಪ ಹೇಳುತ್ತಿದ್ದ, ಹೇಳುವಾಗ ನೆಲ ನೋಡುತ್ತಿದ್ದ. ಮಡ್ಡಿಯೆಂದರೆ ಬೊಗಸೆ ಮಣ್ಣಿಗೆ ಬುಟ್ಟಿ ಕಲ್ಲು. ಸಜ್ಜೆ, ಹುರುಳಿ ಬಿಟ್ಟರೆ ಬೇರೆ ಏನೂ ತಲೆಯೆತ್ತುತ್ತಿರಲಿಲ್ಲ. ಗಂಡಹೆಂಡಿರು ಇಬ್ಬರೂ ಕಲ್ಲು ಆರಿಸುತ್ತಿದ್ದರು, ಬದುವಿಗೆ ಒಟ್ಟುತ್ತಿದ್ದರು, ಮಳೆಗಾಲ ಮುಗಿಯುವಷ್ಟರಲ್ಲಿ ಹೊಲ ಮತ್ತಷ್ಟು ಕಲ್ಲನ್ನು ಮೇಲಕ್ಕೆ ತಂದಿಡುತ್ತಿತ್ತು. ಆದರೂ ಬದುಕು ಹೇಗೋ ನಡೆದಿತ್ತು. ಅದು ಹಾದಿ ಬಿಟ್ಟದ್ದು ಒಂದು ಪುಸ್ತಕದಿಂದ.

ಪ್ರತಿ ಶ್ರಾವಣದಲ್ಲಿ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಸಂಜೆ ದೀಪ ಹಚ್ಚಿ ಪುರಾಣ ಓದಿಸುವುದು ನಮ್ಮೂರಿನ ಪದ್ಧತಿ. ಮಠದ ಅಯ್ಯನವರು ಓದಿ ಅರ್ಥ ಹೇಳುತ್ತಿದ್ದರು. ಊರಿನಲ್ಲಿ ಕನ್ನಡ ಓದಲು ಬರುತ್ತಿದ್ದುದು ಅವರೊಬ್ಬರಿಗೇ, ಏಕೆಂದರೆ ನಿಜಾಮನ ಆಳ್ವಿಕೆಯಲ್ಲಿ ಶಾಲೆಯೆಂದರೆ ಸುರಪುರದ ಉರ್ದು ಶಾಲೆ. ಕೇಳಲು ಬಂದವರು ಮನೆಯಿಂದ ಜೋಳ ತಂದು ಪುಸ್ತಕದ ಮುಂದೆ ಸುರಿಯುತ್ತಿದ್ದರು. ಕಡೆಯ ದಿನ ಮಂಗಳ ಹಾಡಿ, ಪುಸ್ತಕಕ್ಕೆ ಆರತಿ ಎತ್ತಿ, ಹುಗ್ಗಿ ಉಂಡು ಏಳುತ್ತಿದ್ದರು. ಹಿಡಿದ ಪುರಾಣವನ್ನು ಮಂಗಳ ಮಾಡದೆ ಬಿಡುವಂತಿರಲಿಲ್ಲ, ಬಿಟ್ಟರೆ ಊರಿಗೆ ಕೇಡು.

ಒಂದು ವರ್ಷ ಅಯ್ಯನವರ ಪುರಾಣದ ಪುಸ್ತಕ ಒರಲೆಯ ಪಾಲಾಯಿತು. ಬಿಜಾಪುರದ ಕಡೆಯ ಬೀಗರ ಮನೆಯಿಂದ ಅವರು ಒಂದು ಅಚ್ಚಿನ ಪುಸ್ತಕ ತಂದರು. ಮೇಲಿನ ರಟ್ಟು, ಮೊದಲ ಹಾಳೆಗಳು ಹೋಗಿದ್ದವು, ಹೆಸರು ಯಾರಿಗೂ ಗೊತ್ತಿರಲಿಲ್ಲ. ದೇವರ ಕಥೆಯಲ್ಲ, ಒಬ್ಬ ರೈತನ ಕಥೆ. ಅಯ್ಯನವರು ಅದನ್ನು ರೈತಪುರಾಣ ಎಂದು ಕರೆದು ವ್ಯಾಸಪೀಠದ ಮೇಲಿಟ್ಟು ಪತ್ರಿ ಏರಿಸಿ ಓದಲು ಕೂತರು. ಅದು ಕಾದಂಬರಿ ಎಂಬ ವಸ್ತು, ಒಬ್ಬ ಮನುಷ್ಯ ಕೂತು ಕಟ್ಟಿದ ಕಥೆ ಎಂಬುದು ಕಟ್ಟೆಯ ಮೇಲಿದ್ದ ಯಾರಿಗೂ ತಿಳಿದಿರಲಿಲ್ಲ. ಮುಂದೆ ನಾನು ಕಾಲೇಜಿಗೆ ಹೋದಾಗ ಅದೇ ಪುಸ್ತಕ ಪಾಠಕ್ಕಿತ್ತು, ಸ್ವಾವಲಂಬನೆಯ ದೊಡ್ಡ ಕಾದಂಬರಿ ಎಂದು ಅದರ ಮೇಲೆ ಬರೆದಿದ್ದರು. ಹೆಸರು ಹೇಳಿ ಈಗ ಆಗಬೇಕಾದ್ದೇನೂ ಇಲ್ಲ.

ಪುಸ್ತಕದ ರೈತನಿಗೂ ಪಾಲಿಗೆ ಬಂದದ್ದು ಕಲ್ಲುಭೂಮಿ. ಹೆಂಡತಿಯನ್ನು ಕರೆದುಕೊಂಡು ಅಲ್ಲಿಗೆ ಹೋಗಿ ಗುಡಿಸಲು ಹಾಕುತ್ತಾನೆ. ಯಾರ ಬಾಗಿಲಿಗೂ ಹೋಗುವುದಿಲ್ಲ, ಯಾರ ಎತ್ತನ್ನೂ ಕೇಳುವುದಿಲ್ಲ. ಅವನ ಆಕಳು ಸತ್ತ ಸಂಜೆ ಕಟ್ಟೆಯ ಮೇಲಿನ ಹೆಂಗಸರೆಲ್ಲ ಸೆರಗು ಕಣ್ಣಿಗೊತ್ತಿಕೊಂಡರು. ಒಬ್ಬ ಮುದುಕನಂತೂ ತಡೆಯಲಾರದೆ ಎದ್ದು ನಿಂತ.

“ಅಯ್ನೋರ, ಅವನೂರು ಯಾವ ಕಡಿ ಬರ್ತೈತ್ರಿ? ನಮ್ಮ ಎತ್ತ ಖಾಲಿ ಅದಾವ, ಎರಡ ದಿನ ಕಳಸ್ತೀನಿ.”

ಅಯ್ಯನವರು ಬಹಳ ದೂರ ಎಂದು ಹೇಳಿ ಕೂಡಿಸಿದರಂತೆ. ಈ ಮಾತನ್ನು ಹೇಳಿ ನಗುವುದು ನಮ್ಮ ಮನೆಯಲ್ಲಿ ಬಹಳ ವರ್ಷ ನಡೆದಿತ್ತು. ದೊಡ್ಡವ್ವ ನಗುತ್ತಿರಲಿಲ್ಲ. ಅವಳಿಗೆ ಆ ರೈತ ಯಾವುದೋ ಊರಿನಲ್ಲಿ ನಿಜವಾಗಿ ಇದ್ದ, ಬರೀ ‘ಅಂವ’ ಆಗಿದ್ದ. ರೊಟ್ಟಿ ತಟ್ಟುತ್ತ ಕೂತವಳು ಇದ್ದಕ್ಕಿದ್ದಂತೆ, ಅಂವ ಇವತ್ತು ಉಂಡಾನೋ ಇಲ್ಲೋ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು.

ಪುಸ್ತಕ ದಪ್ಪಗಿತ್ತು, ಅಯ್ಯನವರ ಅರ್ಥ ಅದಕ್ಕಿಂತ ದಪ್ಪ. ಒಂದು ಶ್ರಾವಣಕ್ಕೆ ಮುಗಿಯಲಿಲ್ಲ. ರೈತ ತನ್ನ ಕಲ್ಲುಭೂಮಿಯಲ್ಲಿ ಒಬ್ಬನೇ ಬಾವಿ ತೋಡಲು ಗುದ್ದಲಿ ಹಾಕುವಲ್ಲಿಗೆ ತಿಂಗಳು ಮುಗಿಯಿತು. ಉಳಿದದ್ದು ಮುಂದಿನ ಶ್ರಾವಣಕ್ಕೆ ಎಂದು ಅಯ್ಯನವರು ಪುಸ್ತಕ ಕಟ್ಟಿಟ್ಟರು. ನಡುವಿನ ಬೇಸಿಗೆಯಲ್ಲೇ ದೊಡ್ಡಪ್ಪ ಮಡ್ಡಿಯಲ್ಲಿ ಬಾವಿಗೆ ಗುದ್ದಲಿ ಹಾಕಿದ.

ನಮ್ಮ ಕಡೆ ಬಾವಿ ತೋಡುವವರು ಒಡ್ಡರು. ಅವರು ಬಂದು ನೆಲ ನೋಡಿ, ಕಲ್ಲಿಗೆ ಮದ್ದು ಇಟ್ಟು ಸಿಡಿಸಿ ಕೆಲಸ ಮಾಡುತ್ತಾರೆ. ದೊಡ್ಡಪ್ಪ ಅವರನ್ನು ಕರೆಯಲಿಲ್ಲ. ಅಂವ ಕರೆದಿರಲಿಲ್ಲವಲ್ಲ. ಹಗ್ಗವನ್ನೂ ಸಂತೆಯಿಂದ ತರಲಿಲ್ಲ, ಪುಂಡಿಯ ನಾರು ನೆನೆಹಾಕಿ ತಾನೇ ಹೊಸೆದ. ನೀರು ಬರುವ ಲಕ್ಷಣ ಅಲ್ಲಿಲ್ಲ ಎಂದು ಅಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. ಗಂಡಹೆಂಡಿರು ಇಬ್ಬರದೂ ಒಂದೇ ನಂಬಿಕೆ. ಪುರಾಣವೆಂದ ಮೇಲೆ ಕಡೆಗೆ ಮಂಗಳ ಇದ್ದೇ ಇರುತ್ತದೆ. ಯಾವ ಪುರಾಣದಲ್ಲಿ ಆಗಲಿ, ಎಷ್ಟು ಕಷ್ಟ ಬರಲಿ, ಕಡೆಗೆ ಹೂಮಳೆ ಸುರಿಯದೆ ಅವರು ಕಟ್ಟೆಯಿಂದ ಎದ್ದದ್ದಿಲ್ಲ. ಹಾಗಾದರೆ ಅಂವಗೆ ನೀರು ಬಂದೇ ಬಂದಿರಬೇಕು, ಅಯ್ಯನವರು ಇನ್ನೂ ಅಲ್ಲಿಗೆ ಮುಟ್ಟಿಲ್ಲ ಅಷ್ಟೆ. ಅಂವಗೆ ಬಂದರೆ ತಮಗೂ ಬರುತ್ತದೆ. ಓದದೆ ಉಳಿದ ಅರ್ಧ ಪುಸ್ತಕದ ಮೇಲೆ ಭಾರ ಹಾಕಿ ಅವರು ನೆಲ ಅಗಿಯುತ್ತಿದ್ದರು.

ಮುಂದಿನ ಶ್ರಾವಣ ಬಂದಾಗ ಊರಿನಲ್ಲಿ ನೆಮ್ಮದಿ ಇರಲಿಲ್ಲ. ಅದು ನಿಜಾಮನ ರಾಜ್ಯ ಮುಗಿಯುವ ಮುಂಚಿನ ಹಾವಳಿಯ ವರ್ಷ. ಕುದುರೆಯ ಮೇಲೆ ಬಂದವರು ಇಂಥ ಊರಿಗೆ ಬೆಂಕಿ ಇಟ್ಟರಂತೆ, ಇಂಥಲ್ಲಿ ಬಂಡಿ ತಡೆದರಂತೆ ಎಂಬ ಸುದ್ದಿ ದಿನವೂ ಬರುತ್ತಿತ್ತು. ಆದರೂ ಪುರಾಣ ಬಿಡಬಾರದೆಂದು ಹೊತ್ತು ಇರುವಾಗಲೇ ಓದಿಸಿದರು. ಒಂದು ಸಂಜೆ ಅಯ್ಯನವರು ಓದಿದ್ದು, ರೈತ ಬಾವಿಯ ತಳದಲ್ಲಿ ಬಂಡೆಗೆ ಕಿವಿ ಹಚ್ಚಿ ಕೂತಲ್ಲಿಗೆ. ಒಳಗೆ ಏನೋ ಸದ್ದು ಕೇಳಿಸಿತು ಎಂಬಲ್ಲಿ ಅವರು ಪುಟದ ನಡುವೆ ಬಿಲ್ವದ ಎಲೆ ಇಟ್ಟು ಪುಸ್ತಕ ಮುಚ್ಚಿದರು. ಮರುದಿನ ನಸುಕಿಗೆ ಪಕ್ಕದ ಊರಿನ ಕಡೆ ಹೊಗೆ ಕಾಣಿಸಿತು. ಊರಿಗೆ ಊರೇ ಬಂಡಿ ಕಟ್ಟಿ ಗಡಿ ದಾಟಿ ತಾಳಿಕೋಟಿಯ ಕಡೆ ಹೊರಟಿತು. ಬಂಡಿಯ ಮೂಲೆಯಲ್ಲಿ ಬೀಸುವ ಕಲ್ಲಿನ ಪಕ್ಕ ಕೂತು ಹೋದದ್ದು ನನಗೆ ಮಸುಕಾಗಿ ನೆನಪಿದೆ.

ದೊಡ್ಡಪ್ಪ, ದೊಡ್ಡವ್ವ ಬರಲಿಲ್ಲ. ಅಪ್ಪ ಕೈ ಹಿಡಿದು ಎಳೆದರೂ ಬರಲಿಲ್ಲ. ಅಂವ ಬಾವಿ ಬಿಟ್ಟು ಹೋಗಿದ್ದನೇನು ಎಂದು ದೊಡ್ಡಪ್ಪ ಕೇಳಿದನಂತೆ.

ಖಾಲಿ ಊರಿಗೆ ಕುದುರೆಯವರು ಬಂದದ್ದು ಎರಡು ದಿನದ ಮೇಲೆ. ದೊಡ್ಡವ್ವ ಗುಡಿಗೆ ಓಡಿ, ಅಯ್ಯನವರು ಗಡಿಬಿಡಿಯಲ್ಲಿ ಬಿಟ್ಟುಹೋಗಿದ್ದ ಪುಸ್ತಕವನ್ನು ವ್ಯಾಸಪೀಠದಿಂದ ಎತ್ತಿಕೊಂಡು ಬಂದು ಗಂಡನ ಜೊತೆ ಬಾವಿಯೊಳಗೆ ಇಳಿದಳು. ಮೇಲೆ ಸಜ್ಜೆಯ ದಂಟು ಎಳೆದುಕೊಂಡು ಕೂತರು. ಮನೆಗಳು ಉರಿದವು, ಅವರು ಉಳಿದರು. ಬಾವಿಗೆ ನೀರು ಬಂದಿದ್ದರೆ ಅವತ್ತೇ ಮುಳುಗಿ ಸಾಯುತ್ತಿದ್ದೆವು ಎಂದು ಮುಂದೆ ಅವಳೇ ನಕ್ಕು ಹೇಳುತ್ತಿದ್ದಳು. ಪುರಾಣ ಜೀವ ಉಳಿಸಿತು ಎಂಬುದು ಅವಳ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಉಳಿಸಿದ್ದು ಮುಂದಕ್ಕೆ ಏನೇನು ಕೊಡುವುದಕ್ಕೆ ಎಂದು ಆಗ ಯಾರಿಗೆ ಗೊತ್ತಿತ್ತು.

ಭಾದ್ರಪದದಲ್ಲಿ ಮಿಲಿಟರಿ ಬಂತು, ನಿಜಾಮನ ರಾಜ್ಯ ಹೋಯಿತು. ನಾವೆಲ್ಲ ತಿರುಗಿ ಬಂದೆವು, ಅಯ್ಯನವರು ಬರಲಿಲ್ಲ. ಗಡಿಯಾಚೆಯ ಬಿಡಾರದಲ್ಲಿ ವಾಂತಿಭೇದಿಯಾಗಿ ತೀರಿಕೊಂಡಿದ್ದರು. ಕಥೆಯ ಕೊನೆ ಅವರಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದೇ ಅರ್ಥ ಬೆಳೆಸಿ ಬೆಳೆಸಿ ದಿನ ದೂಡಿದರೇ ಎಂದು ಈಗ ಒಮ್ಮೊಮ್ಮೆ ಅನಿಸುತ್ತದೆ.

ನಾವು ಸುಟ್ಟ ಮನೆಗೆ ಮಾಳಿಗೆ ಹಾಕಿಕೊಳ್ಳುತ್ತಿದ್ದ ದಿನಗಳಲ್ಲೇ ದೊಡ್ಡಪ್ಪ ಮತ್ತೆ ಬಾವಿಗೆ ಇಳಿಯಲು ಹೋದ. ಪುಂಡಿನಾರಿನ ಹಗ್ಗ ಮಳೆಯಲ್ಲಿ ನೆನೆದು ಒಳಗೊಳಗೇ ಕೊಳೆತಿತ್ತು. ಅರ್ಧ ಇಳಿಯುವಷ್ಟರಲ್ಲಿ ಕಡಿಯಿತು. ಅವನನ್ನು ಮೇಲೆ ತಂದಾಗ ಜೀವವಿರಲಿಲ್ಲ. ಬದುವಿನ ಪಕ್ಕದಲ್ಲಿ ಮಣ್ಣು ಮಾಡಿದರು. ದೊಡ್ಡವ್ವ ಅಳಲಿಲ್ಲ ಎಂದು ಜನ ಆಡಿಕೊಂಡರು. ಅತ್ತಿದ್ದಾಳೆ. ಗೋಡೆಯ ಈಚೆ ಮಲಗಿದ್ದ ನನಗೆ ಗೊತ್ತು.

ದಿನಕರ್ಮ ಮುಗಿದ ಮೇಲೆ ಅಪ್ಪ ಹೋಗಿ, ಮಡ್ಡಿಯನ್ನು ನಾನು ನೋಡಿಕೊಳ್ಳುತ್ತೇನೆ, ನೀವು ನಮ್ಮ ಜೊತೆಗೇ ಉಣ್ಣಿರಿ, ಆ ಬಾವಿ ಮುಚ್ಚಿಸಿಬಿಡೋಣ ಎಂದು ಹೇಳಿದ. ಅವಳು ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು. ಮರುದಿನ ಹಾರೆ ಹಿಡಿದು ತಾನೇ ಬಾವಿಗೆ ಇಳಿದಳು. ಗೋಡೆಯಲ್ಲಿ ಕಾಲಿಡಲು ಗೂಡು ಕೊರೆದುಕೊಂಡಿದ್ದಳು. ಕೆಳಗೆ ಅಗೆದು ಬುಟ್ಟಿ ತುಂಬಬೇಕು, ಹತ್ತಿ ಮೇಲೆ ಬಂದು ಹಗ್ಗ ಎಳೆಯಬೇಕು, ಕಲ್ಲು ಸುರಿದು ಮತ್ತೆ ಇಳಿಯಬೇಕು. ಮೇಲೆ ಒಬ್ಬರು ನಿಂತು ಎಳೆದರೆ ಅರ್ಧ ಕೆಲಸ ಉಳಿಯುತ್ತಿತ್ತು, ಅವಳು ಯಾರನ್ನೂ ಕರೆಯಲಿಲ್ಲ. ನೆಲ ಬಿತ್ತುವ, ಕಟಾವು ಮಾಡುವ ದಿನ ಬಿಟ್ಟರೆ ಉಳಿದ ಹೊತ್ತೆಲ್ಲ ಬಾವಿಯಲ್ಲೇ. ನಡುನಡುವೆ ಹಾರೆ ಇಟ್ಟು ಬಂಡೆಗೆ ಕಿವಿ ಹಚ್ಚಿ ಕೂಡುತ್ತಿದ್ದಳಂತೆ.

ಅಷ್ಟರಲ್ಲಿ ಊರಿಗೆ ಕನ್ನಡ ಶಾಲೆ ಬಂತು. ಗುಡಿಯ ಪಡಸಾಲೆಯಲ್ಲೇ ಶಾಲೆ, ಒಬ್ಬರೇ ಮಾಸ್ತರರು. ಉಳಿದದ್ದನ್ನು ಓದಿ ಹೇಳಿರೆಂದು ಕೇಳಲು ದೊಡ್ಡವ್ವ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವರ ಹತ್ತಿರ ಹೋದಳು. ಅವಳು ಬದುಕಿನಲ್ಲಿ ಇನ್ನೊಬ್ಬರನ್ನು ಏನಾದರೂ ಬೇಡಲು ಹೋದದ್ದು ನನಗೆ ತಿಳಿದಂತೆ ಅದೊಂದೇ ಸಲ. ಮಾಸ್ತರರು ಒಳ್ಳೆಯವರೇ, ಆದರೆ ವಯಸ್ಸು ಚಿಕ್ಕದು. ಪುಟ ತಿರುವಿ ನಕ್ಕು, ಇದು ಪುರಾಣವಲ್ಲವ್ವ, ಕಾದಂಬರಿ, ಎಲ್ಲ ಕಟ್ಟುಕಥೆ ಎಂದು ಹೇಳಿದರು. ಅವಳು ಪುಸ್ತಕವನ್ನು ಅವರ ಕೈಯಿಂದ ತಿರುಗಿ ತೆಗೆದುಕೊಂಡು ಬಂದಳು. ಆ ಹುಡುಗನಿಗೆ ಪುರಾಣದ ಗಂಧ ಗೊತ್ತಿಲ್ಲ ಎಂಬುದು ಅವಳ ತೀರ್ಮಾನ.

ಆ ಸಂಜೆಯೇ ಅವಳು ನಮ್ಮ ಅಂಗಳಕ್ಕೆ ಬಂದು ನಿಂತಳು. ನಾನು ಆಗ ಹೊಲದಲ್ಲಿ ಕಸ ತೆಗೆಯುವ ವಯಸ್ಸಿಗೆ ಬಂದಿದ್ದೆ. ನಮ್ಮ ಎರೆಹೊಲದಲ್ಲಿ ಕಸ ಬಹಳ, ಅವ್ವನ ಪಕ್ಕದ ಸಾಲು ನನ್ನದು. ಈ ಹುಡುಗಿಯನ್ನು ಶಾಲೆಗೆ ಹಾಕು ಎಂದು ದೊಡ್ಡವ್ವ ಹೇಳಿದಾಗ ಅಪ್ಪನಿಗೆ ನಗು ಬಂತು.

“ಹೆಣ್ಣಹುಡುಗಿ ಓದಿ ಯಾವ ಕಚೇರಿ ಮಾಡ್ತಾಳ, ವೈನಿ? ಹೊಲದಾಗ ಕಸಾ ಯಾರು ತಗೀತಾರ?”

ದೊಡ್ಡವ್ವ ಸೆರಗು ಬಾಯಿಂದ ಬಿಟ್ಟಳು.

“ಕಚೇರಿ ಬ್ಯಾಡ ತಮ್ಮಾ. ಒಂದ ಪುಸ್ತಕ ಓದಿದ್ರ ಸಾಕು. ಅಕಿ ಸಾಲಿನ ಕಸಾ ನಾ ತಗೀತೀನಿ.”

ಅಪ್ಪ ಅದನ್ನು ಮಾತಿನ ಮಾತು ಎಂದುಕೊಂಡಿದ್ದ. ಮರುದಿನ ಅವಳು ಕುರ್ಪಿ ಹಿಡಿದು ನಮ್ಮ ಹೊಲದಲ್ಲಿ ನನ್ನ ಸಾಲಿನಲ್ಲಿ ಕೂತಿದ್ದಳು. ಕಸ ತೆಗೆಯುವ ದಿನಗಳು ಬಂದಾಗಲೆಲ್ಲ ಬಂದಳು, ಊಟಕ್ಕೆ ತನ್ನ ರೊಟ್ಟಿ ತಾನೇ ತಂದಳು, ಅವ್ವ ಕೊಟ್ಟ ಪಲ್ಯ ಮುಟ್ಟಲಿಲ್ಲ. ನಾನು ಪಡಸಾಲೆಯಲ್ಲಿ ಮರಳಿನ ಮೇಲೆ ಅ ತಿದ್ದುತ್ತಿದ್ದ ಹೊತ್ತಿಗೆ ಅವಳು ನನ್ನ ಸಾಲು ಮುಗಿಸಿ ಮಡ್ಡಿಗೆ ಹೋಗಿ ಬಾವಿಗೆ ಇಳಿಯುತ್ತಿದ್ದಳು. ಶಾಲೆಯಿಂದ ಬಂದ ಕೂಡಲೆ, ಇವತ್ತು ಎಷ್ಟು ಅಕ್ಷರ ಬಂದವು ಎಂದು ಕೇಳುತ್ತಿದ್ದಳು. ಒಂದು ಬಂದಿದ್ದರೂ ತಲೆಗೆ ಎಣ್ಣೆ ಹಚ್ಚುತ್ತಿದ್ದಳು.

ನನಗೆ ಕೂಡಿಸಿ ಓದಲು ಬರುವಷ್ಟರಲ್ಲಿ ಎರಡು ಸುಗ್ಗಿ ಹೋದವು. ಸೋಮವಾರ ನಮ್ಮಲ್ಲಿ ಎತ್ತು ಹೂಡುವುದಿಲ್ಲ, ದೊಡ್ಡವ್ವ ಅವತ್ತು ಹಾರೆಯನ್ನೂ ಮುಟ್ಟುತ್ತಿರಲಿಲ್ಲ. ಶ್ರಾವಣದ ಮೊದಲ ಸೋಮವಾರ ಅವಳು ಮೈತೊಳೆದು, ವಿಭೂತಿ ಹಚ್ಚಿಕೊಂಡು, ನನ್ನನ್ನು ಮಡ್ಡಿಗೆ ಕರೆದೊಯ್ದಳು. ಬಾವಿಯ ದಂಡೆಯ ಬನ್ನಿಮರದ ಕೆಳಗೆ ಕಂಬಳಿ ಹಾಸಿ, ಪುಸ್ತಕಕ್ಕೆ ಪತ್ರಿ ಏರಿಸಿ, ಮುಂದೆ ಒಂದು ಬೊಗಸೆ ಸಜ್ಜೆ ಸುರಿದು, ಒಣಗಿ ಕರಿದಾದ ಎಲೆ ಇದ್ದ ಪುಟ ತೆಗೆದು ನನ್ನ ಮುಂದಿಟ್ಟಳು. ಮಂಗಳಕ್ಕೆಂದು ಆರತಿಯ ತಟ್ಟೆಯನ್ನೂ ತಂದಿದ್ದಳು, ಒಂದೇ ದಿನಕ್ಕೆ ಮುಗಿದೀತು ಎಂದುಕೊಂಡು.

ಮುಗಿಯಲು ಮೂರು ಶ್ರಾವಣ ಸೋಮವಾರ ಸಾಲದೆ ನಾಲ್ಕನೆಯದೂ ಬೇಕಾಯಿತು. ನನ್ನ ಓದು ಹೇಗಿತ್ತೆಂದರೆ, ಒತ್ತಕ್ಷರ ಬಂದರೆ ಗಾಡಿ ನಿಂತಂತೆ ನಿಲ್ಲುತ್ತಿತ್ತು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಕೂಗುವುದರಲ್ಲೇ ಉಸಿರು ಹೋಗುತ್ತಿತ್ತು, ಅರ್ಥ ಏನೆಂದು ನನಗೆ ತಿಳಿಯುತ್ತಿರಲಿಲ್ಲ. ನನ್ನ ಬಾಯಿಂದ ಹೊರಟದ್ದು ಮೊದಲು ಅವಳಿಗೆ ತಿಳಿಯುತ್ತಿತ್ತು. ಅವಳ ಮುಖ ನೋಡಿ ನಾನು ಓದಿದ್ದೇನೆಂದು ನನಗೆ ಗೊತ್ತಾಗುತ್ತಿತ್ತು.

ಬಂಡೆಯೊಳಗೆ ರೈತನಿಗೆ ಕೇಳಿಸಿದ ಸದ್ದು ನೀರಿನದಾಗಿರಲಿಲ್ಲ. ಅವನದೇ ಕಿವಿಯೊಳಗಿನ ಸದ್ದು. ಅದು ಮೊದಲ ಸೋಮವಾರವೇ ಬಂತು. ದೊಡ್ಡವ್ವ, ಇರಲಿ, ಮುಂದೆ ಓದು ಎಂದಳು. ಎರಡನೆಯ ಸೋಮವಾರ ಅವನ ಹೆಂಡತಿ ತೀರಿಕೊಂಡಳು. ಮೂರನೆಯ ಸೋಮವಾರ ಅವನು ಇನ್ನೂ ಆಳಕ್ಕೆ ಇಳಿದ, ಮೇಲಿನಿಂದ ಯಾರೋ ಕೂಗಿದರೆ ಉತ್ತರ ಕೊಡಲಿಲ್ಲ. ಪ್ರತಿ ಸಲವೂ ಅವಳು ಆರತಿಯ ತಟ್ಟೆಯನ್ನು ಹಾಗೇ ತಿರುಗಿ ಒಯ್ದಳು. ಪುರಾಣದಲ್ಲಿ ಕಡೆಗಾಲಕ್ಕೇ ಎಲ್ಲ ಬರುವುದು ಎಂದು ದಾರಿಯಲ್ಲಿ ನನಗೆ ಸಮಾಧಾನ ಹೇಳಿದಳು. ಸಮಾಧಾನ ಬೇಕಾಗಿದ್ದುದು ನನಗಲ್ಲ.

ನಾಲ್ಕನೆಯ ಸೋಮವಾರ ರೈತ ಬಾವಿಯಿಂದ ಮೇಲೆ ಬಂದ. ಸುತ್ತ ಒಟ್ಟಿದ್ದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಬಾವಿಗೆ ಹಾಕತೊಡಗಿದ. ತು, ಂ, ಬಿ, ದ ಎಂದು ನಾನು ಕೂಡಿಸುತ್ತಿದ್ದೆ. ಬಾಯಿಮಟ್ಟ ತುಂಬಿಸಿ, ಗುದ್ದಲಿಯನ್ನು ಅದರ ಮೇಲೆ ಇಟ್ಟು, ಪಟ್ಟಣದ ಗಿರಣಿಗೆ ದುಡಿಯಲು ಹೊರಟುಹೋದ. ಕೆಳಗೆ ಒಂದು ಗೆರೆ ಎಳೆದಿತ್ತು. ನಾನು ತಲೆಯೆತ್ತಿದೆ. ದೊಡ್ಡವ್ವ ಬಾವಿಯ ಸುತ್ತ ತಾನು ಒಟ್ಟಿದ್ದ ಕಲ್ಲಿನ ರಾಶಿಯನ್ನು ನೋಡುತ್ತಿದ್ದಳು.

“ಮಂಗಳ ಓದು, ಯವ್ವಾ.”

ಮಂಗಳ ಇಲ್ಲ ಎಂದೆ. ಪುಟ ತಿರುವು ಎಂದಳು. ತಿರುವಿದರೆ ಖಾಲಿ ಹಾಳೆ. ಅವಳು ಪುಸ್ತಕ ತೆಗೆದುಕೊಂಡು, ಓದಲು ಬಾರದವಳು, ಕಡೆಯ ಹಾಳೆಗಳನ್ನು ಅಂಗೈಯಿಂದ ಸವರಿ ಸವರಿ ನೋಡಿದಳು. ಎಲ್ಲೋ ಹಾಳೆ ಹರಿದಿರಬೇಕು ಎಂದಳು. ಹೊಲಿಗೆ ಗಟ್ಟಿಯಾಗಿತ್ತು, ಒಂದೂ ಹರಿದಿರಲಿಲ್ಲ. ಆಮೇಲೆ ಕರ್ಪೂರ ಹಚ್ಚಿ ಪುಸ್ತಕಕ್ಕೆ ಆರತಿ ಎತ್ತಿ, ಅಯ್ಯನವರು ಹಾಡುತ್ತಿದ್ದ ಮಂಗಳವನ್ನು ತಾನೇ ಹಾಡಿದಳು. ಅವಳ ದನಿ ಚೆನ್ನಾಗಿರಲಿಲ್ಲ. ನಾನು ಸಣ್ಣವಳು, ಪುರಾಣ ಮುಗಿಯಿತೆಂಬ ಸಂತೋಷದಲ್ಲಿ ಅವಳ ಜೊತೆ ಚಪ್ಪಾಳೆ ತಟ್ಟಿದೆ.

ಅಂದಿನಿಂದ ಅವಳು ಬಾವಿಗೆ ಇಳಿಯಲಿಲ್ಲ. ಮುಚ್ಚಲೂ ಇಲ್ಲ. ಬದುಕಿನಲ್ಲಿ ಮೊದಲ ಸಲ ಕೈ ಕಟ್ಟಿ ಕೂತಳು, ಕೂಡಲು ಬಾರದವರು ಕೂತಂತೆ ಕೂತಳು. ಆ ವರ್ಷ ಮಡ್ಡಿಯ ಸಜ್ಜೆಯನ್ನು ಹಕ್ಕಿ ತಿಂದವು, ಓಡಿಸಲು ಹೋಗಲಿಲ್ಲ. ಪುಸ್ತಕ ಮುಗಿಯಿತಲ್ಲ, ಇನ್ನು ಹುಡುಗಿ ಹೊಲಕ್ಕೆ ಬರಲಿ ಎಂದು ಅಪ್ಪ ಹೇಳಿದ ದಿನ ಮಾತ್ರ ಅವಳು ಎದ್ದು ಬಂದಳು.

“ಅಕಿ ಸಾಲಿ ಬಿಡಸಬ್ಯಾಡ. ಬ್ಯಾರೆ ಪುಸ್ತಕ ಇರ್ತಾವು. ಯಾವುದಾರ ಒಂದರಾಗ ನೀರು ಬಂದಿರ್ತೈತಿ, ಹುಡಕಲಿ.”

ಮತ್ತೆ ಕುರ್ಪಿ ಹಿಡಿದು ನನ್ನ ಸಾಲಿಗೆ ಬಂದಳು. ಮುಂಚಿನ ಚುರುಕು ಇರಲಿಲ್ಲ. ಅವ್ವ ಎರಡು ಸಾಲು ಮುಗಿಸಿದರೂ ಅವಳದು ಅರ್ಧಕ್ಕೆ ಇರುತ್ತಿತ್ತು, ಆದರೂ ಪೂರಾ ಮುಗಿಸದೆ ಏಳುತ್ತಿರಲಿಲ್ಲ. ನಾನು ಏಳನೆಯ ತರಗತಿಗೆ ಬಂದ ವರ್ಷದ ಮಳೆಗಾಲದಲ್ಲಿ, ನಮ್ಮ ಹೊಲದಲ್ಲಿ, ಅವಳ ಕೈಯ ಕುರ್ಪಿ ಜಾರಿ ಕಾಲಿಗೆ ಬಿತ್ತು. ಗಾಯಕ್ಕೆ ಮಣ್ಣು ಮೆತ್ತಿಕೊಂಡು ಸಾಲು ಮುಗಿಸಿದಳು. ಕಾಲು ಬಾತು ಜ್ವರ ಏರಿತು. ಸುರಪುರದ ದವಾಖಾನೆಗೆ ಹೋಗೋಣ, ಬಂಡಿ ಕಟ್ಟುತ್ತೇನೆ ಎಂದು ಅಪ್ಪ ಕೈ ಮುಗಿದ. ನಿಮ್ಮ ಎತ್ತಿಗೆ ಯಾಕೆ ತ್ರಾಸು ಎಂದು ಬಿಟ್ಟಳು. ಅವಳ ಮೇಲೆ ನನಗೆ ಇಂದಿಗೂ ಸಿಟ್ಟಿರುವುದು ಈ ಮಾತಿಗೆ.

ಜ್ವರದಲ್ಲಿ ಮಲಗಿದ್ದವಳ ಹತ್ತಿರ ನಾನು ಶಾಲೆಯಿಂದ ಒಂದು ಪುಸ್ತಕ ತಂದೆ. ಅದರಲ್ಲಿ ಮಳೆ ಬರುತ್ತದೆ, ಕೆರೆ ತುಂಬುತ್ತದೆ, ಎಲ್ಲರೂ ಉಂಡು ಸುಖವಾಗಿರುತ್ತಾರೆ. ಈಗ ನನ್ನ ಓದು ನೀರು ಹರಿದಂತೆ ಹರಿಯುತ್ತಿತ್ತು. ಅವಳು ಸುಮ್ಮನೆ ಕೇಳಿ, ಇದು ನಮ್ಮ ಕಡೆಯದಲ್ಲ ಎಂದಳು. ಅದೇ ಪುಸ್ತಕ ತಾ ಎಂದಳು. ಯಾವುದನ್ನು ಓದಬಾರದೆಂದು ನನಗೆ ಆಗ ತಿಳಿದಿತ್ತು, ಬೇಡ ಎಂದೆ. ಮೊದಲಿಂದ ಓದು, ಅಯ್ಯನವರು ಎಲೆ ಇಟ್ಟಿದ್ದಲ್ಲಿಯವರೆಗೆ ಓದು, ಮುಂದೆ ಬೇಡ ಎಂದು ಅವಳೇ ದಾರಿ ತೋರಿಸಿದಳು.

ಎರಡು ಶ್ರಾವಣಕ್ಕೆ ಹಂಚಿ ಓದಿದ್ದನ್ನು ನಾನು ಎರಡು ಹಗಲಿಗೆ ಓದಿದೆ. ಗಂಡಹೆಂಡಿರು ಗುಡಿಸಲು ಹಾಕಿದರು, ಆಕಳು ಸತ್ತಿತು, ಗುದ್ದಲಿ ಬಿತ್ತು. ಆಕಳು ಸತ್ತಾಗ ಅವಳು ಮತ್ತೆ ಕಣ್ಣು ಒರೆಸಿಕೊಂಡಳು. ರೈತ ಬಂಡೆಗೆ ಕಿವಿ ಹಚ್ಚಿದ, ಒಳಗೆ ಏನೋ ಸದ್ದು ಕೇಳಿಸಿತು. ನನ್ನ ಕೈಯ ಮೇಲೆ ಅವಳ ಕೈ ಬಂತು.

“ಇಲ್ಲಿಗೆ ನಿಂದರಸು, ಯವ್ವಾ. ಇಲ್ಲೀತನ ಅಂವ ಇನ್ನಾ ಅಗಿಯಾಕತ್ತಾನ.”

ಮರುದಿನ ಬೆಳಿಗ್ಗೆ ಹೋದಳು.

ಅವಳನ್ನು ದೊಡ್ಡಪ್ಪನ ಪಕ್ಕದಲ್ಲೇ ಮಣ್ಣು ಮಾಡಬೇಕೆಂದು ಅಪ್ಪ, ಓಣಿಯ ಗಂಡಸರು ಮಡ್ಡಿಗೆ ಹೋಗಿ ಕುಣಿ ತೋಡಲು ಹತ್ತಿದರು. ಮೊಣಕಾಲುದ್ದ ಹೋಗುವಷ್ಟರಲ್ಲಿ ಬಂಡೆ ಸಿಕ್ಕಿತು. ಬೇರೆ ಕಡೆ ತೋಡಿದರು, ಅಲ್ಲಿಯೂ ಬಂಡೆ. ಹೊತ್ತು ಇಳಿಯತೊಡಗಿತು, ಮೋಡ ಕಟ್ಟಿತ್ತು. ಆಗ ಒಬ್ಬ ಹಿರಿಯ ಬಾವಿಯ ಕಡೆ ನೋಡಿ, ಅಷ್ಟು ಆಳ ಅಕಿನ ತೋಡಿಟ್ಟಾಳ, ನಾವು ಮತ್ಯಾಕ ತೋಡೂದು ಎಂದ. ಅಪ್ಪ ತೋಡುವುದನ್ನು ನಿಲ್ಲಿಸಿದ. ಹಾಳು ಬಾವಿ ದನಕರುವಿಗೂ ಅಪಾಯ ಎಂದು ಇನ್ನೊಬ್ಬರು ಸೇರಿಸಿದರು. ಹಗ್ಗ ಕಟ್ಟಿ ಅವಳನ್ನು ಬಾವಿಯ ತಳಕ್ಕೆ ಇಳಿಸಿದರು. ಈ ಸಲದ ಹಗ್ಗ ಸಂತೆಯದು, ಗಟ್ಟಿಯಾಗಿತ್ತು.

ಮೊದಲು ಮಣ್ಣು ಹಾಕಿದರು. ಆಮೇಲೆ ಸುತ್ತ ಒಟ್ಟಿದ್ದ ಕಲ್ಲು. ಅವಳು ಬುಟ್ಟಿಬುಟ್ಟಿಯಾಗಿ ಹಗ್ಗದಿಂದ ಎಳೆದು ಮೇಲೆ ತಂದ ಕಲ್ಲುಗಳನ್ನು ಊರಿನವರು ಕೈಯಿಂದ ಕೈಗೆ ದಾಟಿಸಿ ಬೇಗಬೇಗ ಒಳಗೆ ಹಾಕಿದರು. ಬದುಕಿದ್ದಾಗ ಇಷ್ಟು ಜನ ಅವಳ ಹೊಲಕ್ಕೆ ಕೆಲಸಕ್ಕೆ ಬಂದದ್ದನ್ನು ನಾನು ಕಂಡಿರಲಿಲ್ಲ. ಬಾವಿ ಬಾಯಿಮಟ್ಟ ತುಂಬಿತು. ಒಬ್ಬ ಗುದ್ದಲಿಯನ್ನು ಅದರ ಮೇಲೆ ಇಟ್ಟು ಬೆವರು ಒರೆಸಿಕೊಂಡ. ಆ ಪುಸ್ತಕದ ಕಡೆಯ ಪುಟ ಓದಿದವಳು ಅಲ್ಲಿ ನಾನೊಬ್ಬಳೇ ಇದ್ದೆ. ಯಾರಿಗೆ ಹೇಳಲಿ. ಮಳೆಯ ಗಾಳಿಗೆ ನನಗೆ ಚಳಿಯಾಗಿದೆ ಎಂದುಕೊಂಡು ಅವ್ವ ತನ್ನ ಸೆರಗು ಹೊದಿಸಿದಳು.

ಕರ್ಮ ಮುಗಿದ ಮರುದಿನ ನಾನು ಪಾಟಿಚೀಲ ಗೂಟಕ್ಕೆ ಹಾಕಿ ಕುರ್ಪಿ ತೆಗೆದುಕೊಂಡೆ. ನನ್ನ ಸಾಲಿಗೆ ಇನ್ನು ಯಾರೂ ಇರಲಿಲ್ಲ, ಹೋಗಲೇಬೇಕಿತ್ತು. ಅಂಗಳ ದಾಟುವಷ್ಟರಲ್ಲಿ ಅಪ್ಪ ಬಂದು ಕುರ್ಪಿಯನ್ನು ನನ್ನ ಕೈಯಿಂದ ಕಸಿದುಕೊಂಡ. ಮುಖ ನೋಡಲಿಲ್ಲ, ನೆಲವನ್ನೇ ನೋಡುತ್ತಿದ್ದ.

“ಸಾಲಿಗೆ ಹೋಗು. ಅಕಿ ತಗಿಯೂ ಕಸಾ ನಾ ತಗೀತೀನಿ.”

ಹೋದೆ. ಓದಿದೆ, ಶಿಕ್ಷಕಿಯಾದೆ, ಯಾದಗಿರಿ, ಶಹಾಪುರಗಳ ಶಾಲೆಗಳಲ್ಲಿ ಬದುಕು ಕಳೆದೆ. ಸ್ವಾವಲಂಬನೆ ಎಂಬ ಪದ ಪಾಠದಲ್ಲಿ ಬಂದಾಗಲೆಲ್ಲ ಮಕ್ಕಳಿಗೆ ಅರ್ಥ ಹೇಳಿದ್ದೇನೆ, ಒಂದು ಸಲವೂ ನಂಬಿ ಹೇಳಿಲ್ಲ. ನೀರು ಬರುವ ಪುಸ್ತಕಗಳೂ ಬೇಕಾದಷ್ಟು ಸಿಕ್ಕವು. ನನ್ನ ಅಕ್ಷರಕ್ಕೆಂದು ಬೆನ್ನು ಬಗ್ಗಿಸಿದವಳು ಅವಳು. ಆ ಅಕ್ಷರ ಕಲಿತು ನಾನು ಅವಳಿಗೆ ಮೊದಲು ಓದಿ ಹೇಳಿದ್ದು, ನೀರು ಬರಲಿಲ್ಲ ಎಂದು.